ಝೆಂಡಾದ ಕೈದಿ: ನಕಲಿ ರಾಜನೇ ಒಳ್ಳೇ ರಾಜ ಆಗಿದ್ರೆ ಕಿರೀಟ ವಾಪಸ್ ಕೊಡ್ಬೇಕಿತ್ತಾ?

ಹಳೇಪ್ರೊಜೆಕ್ಟರ್

ಮೊನ್ನೆ ಭಾನುವಾರ ರಾತ್ರಿ ಕೂತ್ಕೊಂಡು 'ದಿ ಪ್ರಿಸನರ್ ಆಫ್ ಝೆಂಡಾ' ಮತ್ತೆ ನೋಡ್ದೆ. 1937ರದ್ದು, ರೊನಾಲ್ಡ್ ಕೋಲ್ಮನ್ ಇರೋ ಕಪ್ಪುಬಿಳುಪಿನ ಸಿನಿಮಾ. ಮುಗಿದ್ಮೇಲೆ ನಿದ್ದೆನೇ ಬರ್ಲಿಲ್ಲ, ತಲೇಲಿ ಅದೇ ಓಡ್ತಿತ್ತು, ಅದಕ್ಕೆ ಇಲ್ಲಿ ಬರೀತಿದೀನಿ. ಕೊನೇ ಸೀನಿನ ತನಕ ಹೇಳ್ತೀನಿ, ನೋಡದೇ ಇರೋರು ಬೇಕಾದ್ರೆ ನೋಡ್ಕೊಂಡ್ ಬಂದು ಓದಿ.

ಕತೆ ಇಷ್ಟು. ರುರಿಟೇನಿಯಾ ಅಂತ ಒಂದು ಪುಟ್ಟ ರಾಜ್ಯ, ಆಂಟನಿ ಹೋಪ್ ಅನ್ನೋ ಲೇಖಕ 1894ರ ಕಾದಂಬರೀಲಿ ಹುಟ್ಟುಹಾಕಿದ್ದು, ಮ್ಯಾಪಲ್ಲಿ ಹುಡುಕಿದ್ರೆ ಸಿಗಲ್ಲ. ಅಲ್ಲಿಗೆ ಮೀನು ಹಿಡ್ಯೋಕೆ ಅಂತ ರಜೆ ಹಾಕ್ಕೊಂಡು ಬರ್ತಾನೆ ರುಡಾಲ್ಫ್ ರಾಸೆಂಡಿಲ್ ಅನ್ನೋ ಇಂಗ್ಲಿಷಿನವನು. ರೈಲಿಂದ ಇಳಿದಾಗ್ಲಿಂದ ಜನ ಇವನ ಮುಖ ನೋಡಿ ದಂಗಾಗ್ತಾರೆ, ಯಾಕೆ ಅಂತ ಇವನಿಗೆ ಗೊತ್ತಿಲ್ಲ. ಆಮೇಲೆ ಕಾಡಲ್ಲಿ ಎದುರಾಗೋದು ಪಟ್ಟಾಭಿಷೇಕಕ್ಕೆ ಕಾಯ್ತಿರೋ ರಾಜ, ಅವನ ಹೆಸರೂ ರುಡಾಲ್ಫು, ಮುಖಾನೂ ಒಂದೇ ಅಚ್ಚು. ಇಬ್ರೂ ದೂರದ ನೆಂಟರು, 1733ರಲ್ಲಿ ರುರಿಟೇನಿಯಾದ ರಾಜಕುಮಾರ ಒಬ್ಬ ಲಂಡನ್‌ಗೆ ಹೋದಾಗ ಮಾಡ್ಕೊಂಡ ಪ್ರೇಮಪ್ರಕರಣದ ಫಲ ಅದು ಅಂತ ಕಾದಂಬರೀಲಿ ಬರುತ್ತೆ, ಆಗಿಂದ ರಾಸೆಂಡಿಲ್ ಮನೇಲಿ ಆಗಾಗ ಆ ರಾಜವಂಶದ ಉದ್ದ ಮೂಗು ಕೆಂಚುಕೂದಲು ತಲೆ ಎತ್ತುತ್ತಾ ಇರುತ್ತೆ. ಆ ರಾತ್ರಿ ಇಬ್ರೂ ಬೇಟೆ ಮನೇಲಿ ಕುಡೀತಾರೆ, ರಾಜನ ಮಲತಮ್ಮ ಮೈಕೇಲ್ ಕಳಿಸಿದ್ದ ವೈನಲ್ಲಿ ಮದ್ದು ಬೆರೆಸಿರುತ್ತೆ, ಬೆಳಗ್ಗೆ ರಾಜ ಏಳಲ್ಲ. ಅವತ್ತು ಸ್ಟ್ರೆಲ್ಸೌ ನಗರದಲ್ಲಿ ಪಟ್ಟಾಭಿಷೇಕ. ರಾಜ ಹೋಗ್ಲಿಲ್ಲ ಅಂದ್ರೆ ಮೈಕೇಲ್ ಸಿಂಹಾಸನ ಹೊಡ್ಕೋತಾನೆ. ಮುದುಕ ಕರ್ನಲ್ ಝಾಪ್ಟ್ ಈ ಇಂಗ್ಲಿಷಿನವನನ್ನ ಹಿಡ್ಕೊಂಡು, ಒಂದೇ ಒಂದಿನ ರಾಜ ಆಗಪ್ಪಾ ಅಂತಾನೆ. ಆ ಒಂದಿನ ಮುಗಿಸಿ ವಾಪಸ್ ಬಂದು ನೋಡಿದ್ರೆ ರಾಜನ ಕಾವಲಿಗೆ ಬಿಟ್ಟಿದ್ದ ಆಳು ಸತ್ತು ಬಿದ್ದಿದಾನೆ, ರಾಜನ್ನ ಎತ್ಕೊಂಡ್ ಹೋಗಿ ಝೆಂಡಾ ಕೋಟೇಲಿ ಕೂಡಿಹಾಕಿದಾರೆ. ಇನ್ನು ಇವನು ವೇಷ ಕಳಚೋ ಹಾಗಿಲ್ಲ.

ಇದರ ಮಧ್ಯೆ ರಾಜನಿಗೆ ನಿಶ್ಚಯ ಆಗಿರೋ ರಾಜಕುಮಾರಿ ಫ್ಲೇವಿಯಾ. ಅವಳಿಗೆ ನಿಜವಾದ ರುಡಾಲ್ಫ್ ಕಂಡ್ರೆ ಯಾವತ್ತೂ ಪ್ರೀತಿ ಇರ್ಲಿಲ್ಲ. ಪಟ್ಟಾಭಿಷೇಕ ಆದ್ಮೇಲೆ ಇವನು ಬದಲಾಗಿದಾನೆ ಅನ್ಸುತ್ತೆ, ಮಾತಾಡೋ ರೀತಿ ಬದಲಾಗಿದೆ, ನೋಡೋ ರೀತಿ ಬದಲಾಗಿದೆ, ಮೊದಲನೇ ಸಲ ಮನಸು ಕೊಡ್ತಾಳೆ. ಕೊಟ್ಟಿದ್ದು ಬೇರೆಯವನಿಗೆ.

ಕೊನೇಲಿ ರಾಸೆಂಡಿಲ್ ಕೋಟೆಗೆ ನುಗ್ಗಿ ರಾಜನ್ನ ಬಿಡಿಸ್ತಾನೆ, ಕಿರೀಟ ಒಪ್ಪಿಸ್ತಾನೆ, ಫ್ಲೇವಿಯಾನ ಬಾ ನನ್ ಜೊತೆ ಅಂತ ಕರೀತಾನೆ, ಅವಳು ಬರಲ್ಲ. ಇವನು ಕುದುರೆ ಹತ್ತಿ ಗಡಿ ದಾಟಿ ಹೋಗ್ತಾನೆ, ಸಿನಿಮಾ ಮುಗೀತು. ಕತ್ತಿವರಸೆಗೆ ಹೆಸರಾದ ಸಿನಿಮಾ ಇದು, ಆದ್ರೆ ನನಗೆ ಕತ್ತಿ ನೆನಪಲ್ಲಿ ಉಳಿಯಲ್ಲ, ಆ ವಾಪಸ್ ಕೊಡೋದು ಉಳಿಯುತ್ತೆ. ಇಡೀ ಊರು ಜೈಕಾರ ಹಾಕ್ತಿದೆ, ಪ್ರೀತಿಸೋ ಹುಡುಗಿ ಪಕ್ಕದಲ್ಲಿದಾಳೆ, ನಿಜವಾದ ರಾಜ ಬದುಕಿದಾನೆ ಅಂತ ಗೊತ್ತಿರೋರು ಬೆರಳೆಣಿಕೆ ಜನ. ಸುಮ್ನಿದ್ರೆ ಸಾಕು, ಎಲ್ಲ ಇವನದೇ. ಇವನು ಸುಮ್ನಿರಲ್ಲ. ನನಗೆ ಇದಕ್ಕಿಂತ ದೊಡ್ಡ ಸಾಹಸ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ. ನೀವೇನಂತೀರಿ?

ಧಾರವಾಡದಾಂವ

ಸರ್ ಛಲೋ ಬರದೀರಿ, ಆದ್ರ ನಾ ಒಪ್ಪಂಗಿಲ್ಲ. ನಾ ಸಿನಿಮಾ ನೋಡಿಲ್ಲ, ನಮ್ಮ ಅಣ್ಣಗ ಇದು ಇಂಗ್ಲಿಷ್ ನಾನ್ ಡೀಟೇಲ್ಡ್ ಪುಸ್ತಕ ಇತ್ತು, ಸಣ್ಣ ಮಾಡಿ ಬರದಿದ್ದು, ಅದನ್ನ ಓದೀನಿ. ಆವಾಗಿಂದ ನನ್ನ ಪ್ರಶ್ನೆ ಒಂದ. ಪಟ್ಟಾಭಿಷೇಕದ ಹಿಂದಿನ ರಾತ್ರಿ ಮೈಮ್ಯಾಲೆ ಖಬರಿಲ್ಲದಂಗ ಕುಡಿಯೋ ರಾಜಾ ಯಾಕ ಬೇಕು ಆ ಜನಕ್ಕ? ಮದ್ದು ಹಾಕಿದ್ದು ಮೈಕೇಲನ ತಪ್ಪು ಖರೆ, ಆದ್ರ ಬಾಟ್ಲಿ ಎತ್ತಿದ ಕೈ ಯಾರದು? ಇಂವ ಬಂದು ಧೈರ್ಯದಿಂದ ನಿಂತು ರಾಜ್ಯಾ ಉಳಿಸಿದಾಂವ, ಜನ ಒಪ್ಪಿಕೊಂಡಾರ, ಹುಡುಗಿ ಒಪ್ಪಿಕೊಂಡಾಳ. ಅಂಥಾಂವನ್ನ ಕಳಿಸಿ ಆ ಕುಡಕನ್ನ ತಂದು ಕೂಡಸ್ತಾರ, ಯಾಕಂದ್ರ ಆಂವ ಪಟ್ಟದರಸಿ ಹೊಟ್ಟ್ಯಾಗ ಹುಟ್ಟ್ಯಾನ. ಇದಕ್ಕ ನೀವು ತ್ಯಾಗ ಅಂತೀರಿ, ನಾ ರಕ್ತದ ಪೂಜೆ ಅಂತೀನಿ. ನಮ್ಮ ಬಸವಣ್ಣನ ನಾಡಿನ್ಯಾಗ ಕುಂತು ಇದನ್ನ ಹೆಂಗ ಒಪ್ಪೋದ್ರಿ?

ಹಳೇಪ್ರೊಜೆಕ್ಟರ್

ಧಾರವಾಡದವ್ರೇ, ನಿಮ್ಮ ಪ್ರಶ್ನೆ ಸಿನಿಮಾದ ಒಳಗೇ ಇದೆ. ಕೊನೆಗೆ ಗಡಿ ಹತ್ರ ಬೀಳ್ಕೊಡೋಕೆ ಬರೋ, ರಾಜನ ಕಡೆಯವನೇ ಆದ ಫ್ರಿಟ್ಜ್, ವಿಧಿ ಯಾವಾಗ್ಲೂ ಸರಿಯಾದೋರನ್ನೇ ರಾಜ ಮಾಡಲ್ಲ ಅನ್ನೋ ಅರ್ಥದ ಮಾತು ಹೇಳ್ತಾನೆ. ಸಾಯೋತನಕ ನಿಜವಾದ ರಾಜನಿಗೇ ನಿಷ್ಠೆ ಇಟ್ಟಿರೋ ಝಾಪ್ಟ್ ಕೂಡ, ನಮ್ಮ ರಾಜವಂಶದಲ್ಲಿ ಹುಟ್ಟಿದ ಎಲ್ಲರಿಗಿಂತ ನೀನೇ ದೊಡ್ಡವನು ಅಂತ ಇವನಿಗೇ ಹೇಳಿ ಕಳಿಸ್ತಾನೆ. ಅಂದ್ರೆ ಅನ್ಯಾಯ ಆಗ್ತಿದೆ ಅಂತ ಅಲ್ಲಿರೋ ಎಲ್ಲರಿಗೂ ಗೊತ್ತು, ಸಿನಿಮಾ ಅದನ್ನ ಮುಚ್ಚಿಡಲ್ಲ.

ಆದ್ರೆ ಇನ್ನೊಂದು ಕಡೆ ನೋಡಿ. ಇವನು ಸಿಂಹಾಸನ ಇಟ್ಕೋಬೇಕು ಅಂದ್ರೆ ಏನ್ಮಾಡ್ಬೇಕು? ನೆಲಮಾಳಿಗೇಲಿ ಜ್ವರ ಬಂದು ಬಿದ್ದಿರೋ ಒಬ್ಬ ಮನುಷ್ಯ ಅಲ್ಲೇ ಸಾಯ್ಲಿ ಅಂತ ಬಿಟ್ಬಿಡ್ಬೇಕು. ಆಗ ಇವನಿಗೂ ಮೈಕೇಲ್‌ಗೂ ಏನು ವ್ಯತ್ಯಾಸ ಉಳೀತು? ರೂಪರ್ಟ್ ಆಫ್ ಹೆಂಟ್ಜೌ ಅನ್ನೋ ಖಳ ಬಂದು ಇದೇ ವ್ಯಾಪಾರ ಮುಂದಿಡ್ತಾನೆ. ನಗ್ತಾ ನಗ್ತಾ, ಸ್ನೇಹಿತನ ಥರ ಹೇಳ್ತಾನೆ. ಇವನಿಗೆ ಒಂದು ಕ್ಷಣನೂ ಆಸೆ ಹುಟ್ಲಿಲ್ಲ ಅಂತ ನಾನು ನಂಬಲ್ಲ, ಕೋಲ್ಮನ್ ಮುಖ ನೋಡಿ.

ಟೀಚರಮ್ಮ

ಎಲ್ರೂ ರಾಸೆಂಡಿಲ್ ಬಗ್ಗೆನೇ ಮಾತಾಡ್ತಿದೀರಾ, ಫ್ಲೇವಿಯಾ ಬಗ್ಗೆ ಯಾರೂ ಕೇಳ್ತಿಲ್ಲ. ಅವನು ಬಿಟ್ಟು ಹೋಗಿದ್ದು ಎರಡು ಮೂರು ತಿಂಗಳ ಹಿಂದೆ ತನ್ನದಲ್ಲದೇ ಇದ್ದ ವಸ್ತುನ. ಅವಳು ಬಿಟ್ಟುಕೊಟ್ಟಿದ್ದು ಇಡೀ ಬದುಕನ್ನ. ಅವನು ಲಂಡನ್‌ಗೆ ಹೋಗಿ ನೆನಪಿಟ್ಕೊಂಡು ಇರಬಹುದು, ಅವಳು ಅದೇ ಮುಖದ ಬೇರೆ ಮನುಷ್ಯನ ಪಕ್ಕ ದಿನಾ ಊಟಕ್ಕೆ ಕೂರ್ಬೇಕು. ಇದನ್ನ ಯೋಚನೆ ಮಾಡಿ ನೋಡಿ, ಎಷ್ಟು ಘೋರ. ಪ್ರೀತಿಸಿದವನ ಮುಖ ಸಾಯೋತನಕ ಎದುರಿಗೇ ಇರುತ್ತೆ, ಅವನು ಮಾತ್ರ ಇರಲ್ಲ.

ಇನ್ನೊಂದು ವಿಷ್ಯ ಸಿನಿಮಾ ಬಂದ ಕಾಲಕ್ಕೆ ಸಂಬಂಧಪಟ್ಟಿದ್ದು. 1936ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಎಡ್ವರ್ಡ್ ಎರಡು ಸಲ ಡೈವೋರ್ಸ್ ವ್ಯವಹಾರ ಕಂಡ ಅಮೆರಿಕನ್ ಹೆಂಗಸನ್ನ ಮದುವೆ ಆಗೋಕೆ ಸಿಂಹಾಸನಾನೇ ಬಿಟ್ಟ. 1937ರ ಮೇನಲ್ಲಿ ಅವನ ತಮ್ಮ ಆರನೇ ಜಾರ್ಜ್ ಪಟ್ಟಾಭಿಷೇಕ ಆಯ್ತು, ಅವನೇ ನಮ್ಮ ದೇಶಕ್ಕೂ ಚಕ್ರವರ್ತಿ, ಮೈಸೂರು ಕಡೆ ಹಳೇ ನಾಣ್ಯ ಇಟ್ಕೊಂಡಿರೋ ಮನೇಲಿ ಅವನ ತಲೆ ಇರೋ ಕಾಸು ಈಗ್ಲೂ ಸಿಗುತ್ತೆ. ಅದೇ ವರ್ಷ ಸೆಪ್ಟೆಂಬರಲ್ಲಿ ಈ ಸಿನಿಮಾ ಬಂತು. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ಗೆ ಜನರ ತಲೇಲಿ ಏನು ಓಡ್ತಿದೆ ಅಂತ ಚೆನ್ನಾಗಿ ಗೊತ್ತಿತ್ತು. ಪ್ರೀತಿಗಾಗಿ ಕಿರೀಟ ಬಿಟ್ಟ ನಿಜವಾದ ರಾಜನ್ನ ಪೇಪರಲ್ಲಿ ಓದಿ ಬಂದ ಜನ, ಕಿರೀಟಕ್ಕಾಗಿ ಪ್ರೀತಿ ಬಿಡೋ ರಾಣಿನ ಪರದೆ ಮೇಲೆ ನೋಡಿದ್ರು. ಆ ಬೀಳ್ಕೊಡುಗೆ ಸೀನಲ್ಲಿ ಫ್ಲೇವಿಯಾ ಆಗಿರೋ ಮ್ಯಾಡಲೀನ್ ಕ್ಯಾರೊಲ್ ಅಳೋದನ್ನ ತಡ್ಕೊಂಡು ಮಾತಾಡೋದು ಕೇಳಿದಾಗೆಲ್ಲ ನನಗೆ ಆ ಹೊತ್ತಿನ ಥಿಯೇಟರ್ ಎಷ್ಟು ನಿಶ್ಶಬ್ದ ಇದ್ದಿರಬಹುದು ಅನ್ಸುತ್ತೆ.

ಅಂದಹಾಗೆ ಅದೇ ವರ್ಷ ಮೇನಲ್ಲೇ ವಾರ್ನರ್ ಕಂಪನಿಯವ್ರು ಮಾರ್ಕ್ ಟ್ವೇನ್‌ನ 'ದಿ ಪ್ರಿನ್ಸ್ ಅಂಡ್ ದಿ ಪಾಪರ್' ಕತೇನೂ ಸಿನಿಮಾ ಮಾಡಿ ಬಿಟ್ರು, ಅದ್ರಲ್ಲೂ ಪಟ್ಟಾಭಿಷೇಕ ಇದೆ, ಅದ್ರಲ್ಲೂ ಅದಲುಬದಲು ಇದೆ. ಅಲ್ಲಿ ನಿಜವಾದ ಅವಳಿ ಹುಡುಗರನ್ನೇ ಹಾಕ್ಕೊಂಡಿದ್ರು.

ಮೈಲಾಪುರ್ ಕನ್ನಡತಿ

ಧಾರವಾಡದವ್ರ ಪ್ರಶ್ನೆಗೆ ಮದ್ರಾಸಲ್ಲಿ 1958ರಲ್ಲೇ ಉತ್ತರ ಬಂದಿದೆ 🙂 ಎಂಜಿಆರ್ ಅವರ 'ನಾಡೋಡಿ ಮನ್ನನ್' ನೋಡಿದೀರಾ? ಅವರೇ ನಿರ್ಮಾಪಕರು, ಅವರೇ ನಿರ್ದೇಶಕರು, ಡಬಲ್ ರೋಲೂ ಅವರದೇ. ನಾಡೋಡಿ ಅಂದ್ರೆ ಅಲೆಮಾರಿ, ಮನ್ನನ್ ಅಂದ್ರೆ ರಾಜ. ಕತೆಯ ಬೆನ್ನೆಲುಬು ಈ ಝೆಂಡಾನೇ, ಪಟ್ಟಾಭಿಷೇಕದ ಹೊತ್ತಿಗೆ ರಾಜನಿಗೆ ಮದ್ದು ಹಾಕೋದು, ಅವನ ಥರಾನೇ ಇರೋನು ಹೋಗಿ ಕೂರೋದು, ರಾಜ ಸೆರೆಯಾಗೋದು. ಆದ್ರೆ ಕೂರೋನು ರಜೆಗೆ ಬಂದ ದೊಡ್ಮನುಷ್ಯ ಅಲ್ಲ, ರಾಜರ ಆಳ್ವಿಕೆ ವಿರುದ್ಧ ಜನರನ್ನ ಕಟ್ಕೊಂಡು ಹೋರಾಡ್ತಿರೋ ವೀರಾಂಗನ್ ಅನ್ನೋ ಬಡವ. ಅಲ್ಲೇ ಇಡೀ ಕತೆ ತಿರುಗಿಬಿಡುತ್ತೆ ನೋಡಿ. ರಾಸೆಂಡಿಲ್ ಸಿಂಹಾಸನದ ಮೇಲೆ ಕೂತು ಅದನ್ನ ಕಾಪಾಡ್ತಾನೆ ಅಷ್ಟೇ. ವೀರಾಂಗನ್ ಕೂತ ಕೂಡ್ಲೇ ಬಡವರ ಪರ ಕಾನೂನು ಮಾಡೋಕೆ ಶುರು ಮಾಡ್ತಾನೆ. ಅವನೂ ಕೊನೆಗೆ ರಾಜನ್ನ ಬಿಡಿಸ್ತಾನೆ, ಕೊಲ್ಲಲ್ಲ. ಆದ್ರೆ ವಾಪಸ್ ಕೊಡೋಹೊತ್ತಿಗೆ ಆ ಸಿಂಹಾಸನ ಮೊದಲಿನ ಸಿಂಹಾಸನ ಆಗಿರಲ್ಲ.

ಇದು ಬರೀ ಸಿನಿಮಾ ಆಗಿರ್ಲಿಲ್ಲ ಆಗ. ಎಂಜಿಆರ್ ಡಿಎಂಕೆಯಲ್ಲಿದ್ರು, ಕಂಪನಿ ಲಾಂಛನದಲ್ಲೇ ಗಂಡು ಹೆಣ್ಣು ಇಬ್ಬರೂ ಪಕ್ಷದ ಬಾವುಟ ಹಿಡಿದು ನಿಂತಿರ್ತಾರೆ. ಕೈಲಿದ್ದದ್ದೆಲ್ಲ ಸುರಿದು ತೆಗೆದಿದ್ರು, ಗೆದ್ರೆ ಮನ್ನನ್ ಸೋತ್ರೆ ನಾಡೋಡಿ ಅಂತ ಅವರೇ ಹೇಳಿದ್ದು ಇಲ್ಲಿ ಆಟೋ ಓಡಿಸೋರಿಗೂ ಗೊತ್ತು. ಗೆದ್ರು. 1967ರಲ್ಲಿ ಪಕ್ಷ ಅಧಿಕಾರಕ್ಕೆ ಬಂತು, 1977ರಲ್ಲಿ ತಮ್ಮದೇ ಬೇರೆ ಪಕ್ಷದಿಂದ ಅವರೇ ಮುಖ್ಯಮಂತ್ರಿ ಆದ್ರು.

ನಮಗೆ ಸಂಬಂಧ ಏನಪ್ಪಾ ಅಂದ್ರೆ ರಾಜಕುಮಾರಿ ರತ್ನಾ ಪಾತ್ರ ಮಾಡಿರೋದು ನಮ್ಮ ಬೆಂಗಳೂರಿನ ಬಿ. ಸರೋಜಾದೇವಿ. ಕನ್ನಡದ 'ಮಹಾಕವಿ ಕಾಳಿದಾಸ'ದಲ್ಲಿ ಬಂದು ಮೂರೇ ವರ್ಷ ಆಗಿತ್ತು. ಅವರಿಗೆ ತಮಿಳುನಾಡಲ್ಲಿ ಆ ಎತ್ತರ ಸಿಕ್ಕಿದ್ದು ಇದರಿಂದ್ಲೇ. ಸಿನಿಮಾ ಶುರುವಾಗೋದು ಕಪ್ಪುಬಿಳುಪಲ್ಲಿ, ಮೊದಲರ್ಧದ ನಾಯಕಿ ಭಾನುಮತಿ ಪಾತ್ರ ಮಧ್ಯದಲ್ಲಿ ಸಾಯುತ್ತೆ, ಆಮೇಲೆ ಸರೋಜಾದೇವಿ ಬರೋಹೊತ್ತಿಗೆ ಗೇವಾ ಕಲರ್. ನಮ್ಮತ್ತೆ ಆಗ ಚಿಕ್ಕ ಹುಡುಗಿ, ಟೆಂಟಲ್ಲಿ ಮರಳ ಮೇಲೆ ಕೂತು ನೋಡಿದ್ದಂತೆ. ಇದ್ದಕ್ಕಿದ್ದ ಹಾಗೆ ಪರದೆಗೆ ಬಣ್ಣ ಬಂದಾಗ ಜನ ಎದ್ದು ನಿಂತ್ರು ಅಂತ ಈಗ್ಲೂ ಹೇಳ್ತಾರೆ. ಹೋದ ವರ್ಷ ಅಂದ್ರೆ 2025ರ ಜುಲೈನಲ್ಲಿ ಸರೋಜಾದೇವಿ ಹೋದ್ರು ಅನ್ನೋ ಸುದ್ದಿ ಬಂದ ದಿನ ಅತ್ತೆ ಅದನ್ನೇ ಮತ್ತೆ ಹೇಳಿ ಕಣ್ಣೊರೆಸ್ಕೊಂಡ್ರು.

ಧಾರವಾಡದಾಂವ

ಅಕ್ಕಾರ, ಇದ ನೋಡ್ರಿ ನಾ ಹೇಳಿದ್ದು! ಕುರ್ಚಿ ಕೊಡ್ಲಿ ಬ್ಯಾಡ ಅನ್ನಂಗಿಲ್ಲ, ಆದ್ರ ಕುಂತಷ್ಟು ದಿನ ಏನರ ಮಾಡಿ ಕೊಡಬೇಕಲ್ಲ. ಆ ಇಂಗ್ಲಿಷಿನಾಂವ ಮಾಡಿದ್ದೇನು, ಡಾನ್ಸ್ ಮಾಡ್ಯಾನ, ಕತ್ತಿ ತಿರುಗಿಸ್ಯಾನ. ರುರಿಟೇನಿಯಾದಾಗ ರೈತ್ರು ಇರ್ಲಿಲ್ಲೇನು? ಅವರ ಗತಿ ಏನಾತು?

ಕ್ಯಾಮೆರಾಕಣ್ಣು

ರಾಜಕೀಯ ನೀವು ನೋಡ್ಕೊಳ್ಳಿ, ನಾನು ಹತ್ತು ವರ್ಷ ಅಸಿಸ್ಟೆಂಟ್ ಕ್ಯಾಮೆರಾಮನ್ ಆಗಿ ಕೆಲಸ ಮಾಡಿದೋನು, ನನಗೆ ಈ ಸಿನಿಮಾ ಅಂದ್ರೆ ಆ ಕೈಕುಲುಕೋ ಶಾಟು. ಇಬ್ಬರು ಕೋಲ್ಮನ್‌ಗಳು ಒಂದೇ ಫ್ರೇಮಲ್ಲಿ ನಿಂತು ಕೈ ಕುಲುಕ್ತಾರೆ. 1937 ಅದು, ಕಂಪ್ಯೂಟರ್ ಅನ್ನೋ ಮಾತೇ ಇಲ್ಲ.

ಸಾಮಾನ್ಯವಾಗಿ ಡಬಲ್ ರೋಲ್ ತೆಗೆಯೋ ರೀತಿ ಏನು, ಲೆನ್ಸಿನ ಅರ್ಧಕ್ಕೆ ಕಪ್ಪು ಮುಚ್ಚಿ ಎಡಗಡೆ ಒಂದ್ಸಲ ಶೂಟ್ ಮಾಡೋದು, ಫಿಲ್ಮ್ ಹಿಂದಕ್ಕೆ ಸುತ್ತಿ, ಈ ಕಡೆ ಮುಚ್ಚಿ ಬಲಗಡೆ ಶೂಟ್ ಮಾಡೋದು. ನಮ್ಮಲ್ಲಿ ಇದಕ್ಕೆ ಮಾಸ್ಕ್ ಹಾಕೋದು ಅಂತಾರೆ. ಕ್ಯಾಮೆರಾ ಕೂದಲೆಳೆಯಷ್ಟು ಅಲ್ಲಾಡಿದ್ರೂ ಮಧ್ಯದಲ್ಲಿ ಗೆರೆ ಎದ್ದು ಕಾಣುತ್ತೆ. ಹಾಗಾಗಿ ಇಬ್ರೂ ಆ ಗೆರೆ ದಾಟೋ ಹಾಗಿಲ್ಲ, ಮುಟ್ಕೊಳ್ಳೋ ಹಾಗಿಲ್ಲ, ಮಧ್ಯ ಒಂದು ಕಂಬನೋ ಬಾಗಿಲೋ ಇಟ್ಕೊಂಡು ದೂರದಿಂದ ಮಾತಾಡ್ಬೇಕು. ಈ ಸಿನಿಮಾದ ಕ್ಯಾಮೆರಾಮನ್ ಜೇಮ್ಸ್ ವಾಂಗ್ ಹೌ, ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದೋರು, ಆಮೇಲೆ ಎರಡು ಆಸ್ಕರ್ ತಗೊಂಡ್ರು. ಅವರು ಮಾಡಿದ್ದು ಇದು: ಕೋಲ್ಮನ್ ಎದುರು ಒಬ್ಬ ಡೂಪ್ ನಿಲ್ಲಿಸಿ ನಿಜವಾಗ್ಲೂ ಕೈಕುಲುಕಿಸಿದ್ರು. ಕ್ಯಾಮೆರಾ ಮುಂದೆ ಒಂದು ದೊಡ್ಡ ಗಾಜು, ಅದರ ಮೇಲೆ ಡೂಪಿನ ತಲೆ ಭುಜ ಬರೋ ಜಾಗಕ್ಕೆ ಮಾತ್ರ ಟೇಪ್ ಅಂಟಿಸಿ ಮುಚ್ಚಿದ್ರು. ಆಮೇಲೆ ಫಿಲ್ಮ್ ಹಿಂದಕ್ಕೆ ಸುತ್ತಿ, ಈಗ ತಲೆ ಭುಜದ ಜಾಗ ಬಿಟ್ಟು ಉಳಿದಿದ್ದೆಲ್ಲ ಮುಚ್ಚಿ, ಕೋಲ್ಮನ್‌ಗೆ ಆ ಇನ್ನೊಂದು ಬಟ್ಟೆ ಹಾಕಿಸಿ ಅದೇ ಅಳತೆಗೆ ನಿಲ್ಲಿಸಿ ತೆಗೆದ್ರು. ಅಂದ್ರೆ ಮೈ ಡೂಪಿಂದು, ತಲೆ ಕೋಲ್ಮನ್‌ದು. ನಾನು ಅದನ್ನ ನಿಲ್ಲಿಸಿ ನಿಲ್ಲಿಸಿ ಎಷ್ಟೋ ಸಲ ನೋಡಿದೀನಿ, ಜೋಡಣೆ ಸಿಗಲ್ಲ.

ನಮ್ಮ 'ಬಭ್ರುವಾಹನ' (1977) ನೆನಪಿಸ್ಕೊಳ್ಳಿ. ಅಣ್ಣಾವ್ರು ಅರ್ಜುನನೂ ಹೌದು ಬಭ್ರುವಾಹನನೂ ಹೌದು, 'ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ' ಹಾಡಲ್ಲಿ ಅಪ್ಪ ಮಗ ಎದುರುಬದುರು ನಿಂತು ಒಬ್ಬರನ್ನೊಬ್ರು ಹೀಯಾಳಿಸ್ತಾರೆ. ಹುಣಸೂರು ಕೃಷ್ಣಮೂರ್ತಿಗಳ ಸಿನಿಮಾ ಅದು. ಎದುರಿಗೆ ಯಾರೂ ಇಲ್ಲದೇ ಖಾಲಿ ಗಾಳಿ ನೋಡ್ಕೊಂಡು ಆ ಸಿಟ್ಟು ತರೋದು ಎಷ್ಟು ಕಷ್ಟ ಅಂತ ಸೆಟ್ಟಲ್ಲಿ ನಿಂತೋರಿಗೇ ಗೊತ್ತು. ಕಣ್ಣಿನ ನೋಟ ಒಂದಿಂಚು ಮೇಲೆ ಕೆಳಗೆ ಆದ್ರೂ ಸುಳ್ಳು ಗೊತ್ತಾಗ್ಬಿಡುತ್ತೆ. ಕೋಲ್ಮನ್ನೂ ಅಣ್ಣಾವ್ರೂ ಇಬ್ಬರದ್ದೂ ದೊಡ್ಡ ಗುಣ ಏನಂದ್ರೆ ವೇಷ ಒಂದೇ ಥರ ಇದ್ರೂ ದನಿಯಲ್ಲೇ ಎರಡು ಜನ ಆಗ್ತಾರೆ.

ಬಣ್ಣದಬುಗುರಿ

ನನ್ ಅಭಿಪ್ರಾಯ ಬೇರೆ, ಬೈಬೇಡಿ. ನಾನು ಮೊದಲು ನೋಡಿದ್ದು 1952ರದ್ದು, ಎಂಜಿಎಂ ಕಂಪನೀದು, ಸ್ಟೂವರ್ಟ್ ಗ್ರೇಂಜರ್, ಡೆಬೊರಾ ಕೆರ್. ಟೆಕ್ನಿಕಲರ್ ಅದು, ಆ ಕೆಂಪು ಕೋಟು ಬಂಗಾರದ ಕಸೂತಿ ಬಿಳೀ ಕುದುರೆ ಎಲ್ಲ ಕಣ್ಣಿಗೆ ಹಬ್ಬ, ಪಟ್ಟಾಭಿಷೇಕ ಅಂದ್ರೆ ಬಣ್ಣ ಬೇಡ್ವಾ? ಗ್ರೇಂಜರ್ ಕತ್ತಿ ಹಿಡಿದ್ರೆ ಕತ್ತಿ ಹಿಡಿದ ಹಾಗಿರುತ್ತೆ. ರೂಪರ್ಟ್ ಆಗಿ ಜೇಮ್ಸ್ ಮೇಸನ್ ಇದಾರಲ್ಲ, ಆ ತಣ್ಣಗಿನ ದನಿ, ಮೈ ಜುಮ್ಮನ್ನುತ್ತೆ. ಕೊನೇ ಕತ್ತಿ ಕಾಳಗ ನನ್ನ ಲೆಕ್ಕದಲ್ಲಿ 1937ಕ್ಕಿಂತ 1952ರದ್ದೇ ಮೇಲು. ಕಪ್ಪುಬಿಳುಪು ಅಂದ ತಕ್ಷಣ ಅದೇ ಶ್ರೇಷ್ಠ ಅನ್ನೋದನ್ನ ನಾನು ಒಪ್ಪಲ್ಲ.

ಹಳೇಪ್ರೊಜೆಕ್ಟರ್

ಯಾಕ್ ಬೈತೀನಿ, ಮೇಸನ್ ವಿಷ್ಯದಲ್ಲಿ ನಿಮ್ಮ ಮಾತು ನಿಜ. ಆದ್ರೆ ಈ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡಿದೀರಾ? ನಾನು ಒಂದ್ಸಲ ಲ್ಯಾಪ್‌ಟಾಪಲ್ಲಿ ಒಂದು ಟೀವೀಲಿ ಒಂದು ಹಾಕ್ಕೊಂಡು ಇಡೀ ಮಧ್ಯಾಹ್ನ ಕೂತಿದ್ದೆ. ಅದೇ ಸ್ಕ್ರಿಪ್ಟು, ಬಹುತೇಕ ಅದೇ ಡೈಲಾಗು, ಶಾಟು ಕೂಡ ಹೆಚ್ಚೂಕಮ್ಮಿ ಅವೇ, ಆಲ್ಫ್ರೆಡ್ ನ್ಯೂಮನ್ ಬರೆದ ಅದೇ ಮ್ಯೂಸಿಕ್ಕನ್ನ ಮತ್ತೆ ನುಡಿಸಿ ಬಳಸಿದಾರೆ. ಹದಿನೈದು ವರ್ಷ ಆದ್ಮೇಲೆ ಬಂದ ತದ್ರೂಪಿ ಅದು. ಇಬ್ಬರು ಒಂದೇ ಥರ ಇರೋ ಮನುಷ್ಯರ ಕತೆಗೆ ಒಂದೇ ಥರ ಇರೋ ಎರಡು ಸಿನಿಮಾ.

ಹಾಗಾಗಿ ನನಗೆ ಇದು ದೊಡ್ಡ ಪಾಠ ಆಯ್ತು. ಮಾತು ಅದೇ, ಸಂಗೀತ ಅದೇ, ಫ್ಲೇವಿಯಾ ಬರಲ್ಲ ಅಂದಾಗ ರಾಸೆಂಡಿಲ್ ತಿರುಗಿ ನೋಡೋ ಜಾಗಾನೂ ಅದೇ. ಕೋಲ್ಮನ್ ಹೇಳಿದಾಗ ಗಂಟಲು ಕಟ್ಟುತ್ತೆ, ಗ್ರೇಂಜರ್ ಹೇಳಿದಾಗ ನನಗೆ ಕಟ್ಟಲ್ಲ. ಗ್ರೇಂಜರ್ ಮೊದಲ ಸೀನಿಂದ್ಲೇ ವೀರ, ಅವನು ಗೆಲ್ತಾನೆ ಅಂತ ಗೊತ್ತು. ಕೋಲ್ಮನ್‌ಗೆ ಆಗ ನಲವತ್ತಾರು ವರ್ಷ, ಕಣ್ಣಲ್ಲಿ ಸ್ವಲ್ಪ ದಣಿವಿದೆ, ಇಷ್ಟು ತಡವಾಗಿ ಸಿಕ್ಕ ಪ್ರೀತಿ ಇದು, ಇನ್ನೊಂದು ಸಿಗಲ್ಲ ಅನ್ನೋದು ಹೇಳದೇನೇ ತಿಳಿಯುತ್ತೆ.

1952ರದ್ರಲ್ಲಿ ನನಗೆ ತುಂಬ ಇಷ್ಟದ ವಿಷ್ಯ ಒಂದಿದೆ. ಪಟ್ಟಾಭಿಷೇಕ ಮಾಡಿಸೋ ಮುದಿ ಕಾರ್ಡಿನಲ್ ಪಾತ್ರ ಮಾಡಿರೋದು ಲೂಯಿಸ್ ಸ್ಟೋನ್. 1922ರಲ್ಲಿ ಇದೇ ಕತೆ ಮೂಕಿ ಸಿನಿಮಾ ಆದಾಗ ರಾಜ, ರಾಸೆಂಡಿಲ್ ಎರಡೂ ಪಾತ್ರ ಮಾಡಿದ್ದು ಅವರೇ. ಮೂವತ್ತು ವರ್ಷದ ಹಿಂದೆ ತನ್ನ ತಲೆ ಮೇಲೆ ಬಂದ ಕಿರೀಟನ ಅವರು ಇನ್ನೊಬ್ಬನ ತಲೆಗೆ ಇಡ್ತಾರೆ. ಅದೊಂದು ಶಾಟ್‌ಗೆ ಬಣ್ಣದ ಸಿನಿಮಾಗೆ ನಾನು ಕೈಮುಗೀತೀನಿ.

ಮತ್ತೆ ಕ್ರಿಕೆಟ್ ಹುಚ್ಚಿರೋರಿಗೆ: 1937ರ ಝಾಪ್ಟ್ ಆಗಿರೋ ಆ ದಪ್ಪ ಹುಬ್ಬಿನ ಮೀಸೆ ಮುದುಕ ಸಿ. ಆಬ್ರಿ ಸ್ಮಿತ್, 1889ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಇಂಗ್ಲೆಂಡ್ ಟೀಮಿನ ಕ್ಯಾಪ್ಟನ್. ಆಡಿದ್ದು ಅದೊಂದೇ ಟೆಸ್ಟು, ಗೆದ್ರು ಕೂಡ. ಆಮೇಲೆ ಹಾಲಿವುಡ್‌ನಲ್ಲೇ ಕ್ರಿಕೆಟ್ ಕ್ಲಬ್ ಕಟ್ಟಿದ್ರು.

ಸುಳ್ಯದವ

ನನಗೊಂದು ಡೌಟು. ಇದೆಲ್ಲ ನಂಬ್ಲಿಕ್ಕೆ ಆಗ್ತದಾ ಅಂತ ತುಂಬ ಜನ ಕೇಳ್ತಾರೆ, ಇಡೀ ಊರಿಗೆ ಬೇರೆಯವ ಅಂತ ಗೊತ್ತಾಗುದಿಲ್ವಾ ಅಂತ. ನಮ್ಮ ಊರಿನವರಿಗೆ ಆ ಡೌಟು ಬರುದಿಲ್ಲ ಮಾರಾಯ್ರೆ, ಯಾಕಂದ್ರೆ ನಮ್ಮಲ್ಲಿ ಹಾಗೆ ಆಗಿದ್ದುಂಟು.

1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜೇಂದ್ರನನ್ನ ಇಳಿಸಿ ರಾಜ್ಯ ತೆಗೊಂಡ್ರು. ಕೊಡಗಿಗೆ ಸೇರಿದ್ದ ಅಮರಸುಳ್ಯ ಮಾಗಣೆಯನ್ನ ಕೆನರಾ ಜಿಲ್ಲೆಗೆ ಹಾಕಿದ್ರು. ಮೊದಲು ಕಂದಾಯ ಬೆಳೆಯಲ್ಲಿ ಕೊಡ್ಬಹುದಿತ್ತು, ಈಗ ನಗದು ಕೊಡಿ ಅಂತ ಆಯ್ತು, ರೈತರ ಹತ್ರ ಹಣ ಎಲ್ಲಿ? 1837ರಲ್ಲಿ ಜನ ಎದ್ದರು, ಕೆದಂಬಾಡಿ ರಾಮಯ್ಯ ಗೌಡ್ರು ಮುಂದೆ ನಿಂತದ್ದು. ಆದ್ರೆ ಜನ ಸೇರ್ಬೇಕಾದ್ರೆ ರಾಜವಂಶದವ ಒಬ್ಬ ಬೇಕಿತ್ತು. ಕೊಡಗಿನ ರಾಜರ ಹಾಲೇರಿ ವಂಶದವ ಅಂತ ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಬ್ರಿಟಿಷರ ಸೆರೆಯಲ್ಲಿದ್ದ. ಆಗ ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಅನ್ನುವ ರೈತನನ್ನೇ ಕಲ್ಯಾಣಸ್ವಾಮಿ ಅಂತ ಮಾಡಿ ಮುಂದೆ ತಂದ್ರು. ಜನ ಒಪ್ಪಿದ್ರು. ದಂಡು ಸುಳ್ಯದಿಂದ ಹೊರಟು ಮಂಗಳೂರಿನವರೆಗೆ ಹೋಗಿ ಬ್ರಿಟಿಷರ ಬಾವುಟ ಇಳಿಸಿ ಹದಿಮೂರು ದಿನ ಊರು ಇಟ್ಟುಕೊಂಡಿತ್ತು. ಆಮೇಲೆ ಪಡೆ ಬಂತು. ಪುಟ್ಟಬಸಪ್ಪನನ್ನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದ್ರು.

ಅವನ ಮುಖ ಕಲ್ಯಾಣಸ್ವಾಮಿಯ ಹಾಗೆ ಇತ್ತಾ ಇಲ್ವಾ ಅದು ಬೇರೆ ಮಾತು. ಫೋಟೋ ಇಲ್ಲದ ಕಾಲ, ರಾಜನ ಮುಖ ಎಷ್ಟು ಜನ ಹತ್ತಿರದಿಂದ ನೋಡಿರ್ತಾರೆ? ಜನರಿಗೆ ಒಬ್ಬ ಬೇಕಿತ್ತು, ಬಂದವನನ್ನ ನಂಬಿದ್ರು. ಧಾರವಾಡದ ಅಣ್ಣ ರೈತರು ಎಲ್ಲಿ ಅಂತ ಕೇಳಿದ್ರಲ್ಲ, ನಮ್ಮ ಕತೆಯಲ್ಲಿ ವೇಷ ಹಾಕಿದವನೇ ರೈತ. ಅವನಿಗೆ ಗಡಿ ದಾಟಿ ಹೋಗ್ಲಿಕ್ಕೆ ಕುದುರೆ ಸಿಗ್ಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ದಿನಾ ಬಿಕರ್ನಕಟ್ಟೆ ಬಸ್‌ಸ್ಟಾಪಿನಲ್ಲಿ ಇಳೀತಿದ್ದೆ, ಆವಾಗ ಇದು ಯಾವುದೂ ನನಗೆ ಗೊತ್ತಿರ್ಲಿಲ್ಲ.

ಕುದುರೆಲಾಯ

ಸುಳ್ಯದವ್ರ ಪೋಸ್ಟ್ ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗ್ಲಿಲ್ಲ. ನನಗೆ ನೆನಪಾಗಿದ್ದು ಕುರೊಸಾವಾ ಅವರ 'ಕಾಗೆಮುಶಾ', 1980. ಅಲ್ಲೂ ವೇಷ ಹಾಕೋನು ಬಡವ, ಶಿಲುಬೆಗೇರಬೇಕಿದ್ದ ಕಳ್ಳ. ಟಕೇಡಾ ಶಿಂಗೆನ್ ಅನ್ನೋ ಜಪಾನಿನ ದೊಡ್ಡ ದಳವಾಯಿ ಸಾಯ್ತಾನೆ, 1573ರಲ್ಲಿ ಸತ್ತ ನಿಜವಾದ ಮನುಷ್ಯ ಅವನು. ನನ್ನ ಸಾವನ್ನ ಮೂರು ವರ್ಷ ಮುಚ್ಚಿಡಿ ಅಂತ ಹೇಳಿ ಸಾಯ್ತಾನೆ. ಅವನ ಥರಾನೇ ಇರೋ ಈ ಕಳ್ಳನ್ನ ತಂದು ಕೂರಿಸ್ತಾರೆ. ಎರಡು ಪಾತ್ರನೂ ಟಟ್ಸುಯಾ ನಕಡಾಯ್.

ಝೆಂಡಾಗೂ ಇದಕ್ಕೂ ಇರೋ ವ್ಯತ್ಯಾಸ ಏನಂದ್ರೆ, ಇಲ್ಲಿ ವಾಪಸ್ ಕೊಡೋಕೆ ಯಜಮಾನ ಬದುಕೇ ಇಲ್ಲ. ಕಳ್ಳ ದಿನಾ ಸತ್ತವನ ಜಾಗದಲ್ಲಿ ಕೂತ್ಕೊಂಡು ಕೂತ್ಕೊಂಡು ನಿಧಾನಕ್ಕೆ ಅವನೇ ಆಗೋಕೆ ಶುರುವಾಗ್ತಾನೆ. ಮೊಮ್ಮಗ ಮೊದಲ ದಿನ ನೋಡಿದ ತಕ್ಷಣ ಇವನು ನಮ್ಮ ತಾತ ಅಲ್ಲ ಅಂತಾನೆ, ಆಮೇಲೆ ಅವನ ತೊಡೆ ಬಿಟ್ಟು ಇಳಿಯಲ್ಲ. ಮೋಸ ಹೋಗದೇ ಇರೋದು ಕುದುರೆ ಒಂದೇ. ಶಿಂಗೆನ್‌ನ ಕುದುರೆ ಬೇರೆ ಯಾರನ್ನೂ ಹತ್ತಿಸ್ಕೊಳ್ಳಲ್ಲ, ಇವನು ಧೈರ್ಯ ಮಾಡಿ ಹತ್ತಿದಾಗ ಕೆಡವುತ್ತೆ, ಮೈಮೇಲೆ ಹಳೇ ಗಾಯದ ಗುರುತಿಲ್ಲ ಅಂತ ಗೊತ್ತಾಗಿ, ಮಳೇಲಿ ಕಲ್ಲು ಹೊಡೆದು ಓಡಿಸ್ತಾರೆ. ಅಷ್ಟಾದ್ರೂ ಅವನು ಹೋಗಲ್ಲ. 1575ರ ನಾಗಾಶಿನೊ ಯುದ್ಧದಲ್ಲಿ ಟಕೇಡಾ ಕುದುರೆ ಪಡೆ ಎದುರಾಳಿಗಳ ಕೋವಿ ಸಾಲಿಗೆ ಸಿಕ್ಕಿ ನಾಶ ಆಗುತ್ತೆ. ಜೊಂಡಿನ ಮರೆಯಲ್ಲಿ ನಿಂತು ಎಲ್ಲ ನೋಡಿದ ಇವನು ಒಂದು ಈಟಿ ಎತ್ಕೊಂಡು ಒಬ್ಬನೇ ಓಡ್ತಾನೆ. ಅವನನ್ನ ಹೊರಗೆ ಹಾಕಿದ ಮನೆತನಕ್ಕಾಗಿ.

ರಾಸೆಂಡಿಲ್‌ಗೆ ವಾಪಸ್ ಹೋಗೋಕೆ ತನ್ನದೇ ಒಂದು ಹೆಸರಿತ್ತು, ಮನೆ ಇತ್ತು. ಕಾಗೆಮುಶಾಗೆ 'ಕಳ್ಳ' ಅನ್ನೋದು ಬಿಟ್ಟು ಹೆಸರೇ ಇಲ್ಲ.

ಟೀಚರಮ್ಮ

ಕುದುರೆಲಾಯ ಅವ್ರೇ, ಮೊಮ್ಮಗನ ವಿಷ್ಯ ಹೇಳಿದ್ರಲ್ಲ, ಫ್ಲೇವಿಯಾನೂ ಹಾಗೇ ಅಲ್ವಾ? ಬದಲಾಗಿದಾನೆ ಅಂತ ಮೊದಲು ಕಂಡಿದ್ದು ಅವಳಿಗೇ. ಮಗು ಮೊದಲು ಅಲ್ಲ ಅಂದು ಆಮೇಲೆ ಒಪ್ಪಿತು, ಇವಳು ಮೊದಲು ಒಪ್ಪಿ ಆಮೇಲೆ ಅಲ್ಲ ಅಂತ ತಿಳ್ಕೊಂಡ್ಲು. ತಿಳಿದ್ಮೇಲೂ ಪ್ರೀತಿ ಹಾಗೇ ಉಳೀತು ನೋಡಿ, ಅದಕ್ಕೇ ನನಗೆ ಅವಳು ದೊಡ್ಡವಳು.

ಧಾರವಾಡದಾಂವ

ಎಲ್ಲಾರೂ ಇಷ್ಟ ಬರದಿದ್ದು ಓದಿ ನಿನ್ನೆ ರಾತ್ರಿ ಮಗಳ ಕೂಡ ಕುಂತು 1937ರದ್ದು ನೋಡಿದ್ನಿ. ಆಕಿ ಪಿಯುಸಿ ಎರಡನೇ ವರ್ಷ. ಕಪ್ಪುಬಿಳುಪು ಅಂತ ಮೊದಲ ಅರ್ಧ ತಾಸು ಮೊಬೈಲ್ ಹಿಡಕೊಂಡಿದ್ಲು, ಆಮ್ಯಾಲೆ ಮೊಬೈಲ್ ಎಲ್ಲಿ ಇಟ್ಲೋ ಆಕಿಗೂ ಗೊತ್ತಿಲ್ಲ.

ನಾ ನನ್ನ ಮಾತು ಪೂರ್ತಿ ಬಿಟ್ಟಿಲ್ಲ, ರೈತ್ರು ಎಲ್ಲೂ ಕಾಣಲಿಲ್ಲ. ಆದ್ರ ಒಂದು ಸೀನ್ ನನಗ ಹಿಡಿದು ನಿಲ್ಲಿಸ್ತು. ಪಟ್ಟಾಭಿಷೇಕದ ರಾತ್ರಿ ಡಾನ್ಸು. ಇಂವ ಫ್ಲೇವಿಯಾನ ಜೋಡಿ ಕುಣಿಯಾಕತ್ತಾನ, ಏನೋ ಮಾತಾಡಬೇಕಂತ ನಿಂದರ್ತಾನ. ರಾಜಾ ನಿಂತ ಅಂತ ಇಡೀ ಸಭಾ ಗಪ್ ಅಂತ ನಿಂದರ್ತದ. ವಾದ್ಯ ಬಂದ್. ಮತ್ತ ಕುಣಿಯಾಕ ಶುರು ಮಾಡ್ತಾನ, ಎಲ್ಲಾರೂ ಶುರು. ಮತ್ತ ನಿಂದರ್ತಾನ, ಎಲ್ಲಾರೂ ನಿಂದರ್ತಾರ. ಅಷ್ಟು ಮಂದಿ ನಡುವ ಒಂದು ಮಾತು ಆಡಾಕ ಆಗವಲ್ಲದು ಆಂವಗ. ನಾ ಹತ್ತು ವರ್ಷ ಒಂದು ಸಂಘದ ಅಧ್ಯಕ್ಷ ಇದ್ದೆ ರೀ, ಸಣ್ಣ ಸಂಘ, ಖರೆ, ಆದ್ರ ನಾ ಎದ್ರ ಎಲ್ಲಾರೂ ಏಳೋದು, ನಾ ನಕ್ರ ಎಲ್ಲಾರೂ ನಗೋದು ನೋಡೀನಿ. ಬಿಟ್ಟ ದಿನ ಮನಿಗೆ ಬಂದು ಛಂದಂಗ ನಿದ್ದಿ ಮಾಡಿದ್ನಿ. ಆ ಸೀನ್ ನೋಡಿ ಆಂವ ಯಾಕ ಹೋದ ಅಂತ ನನಗ ಸ್ವಲ್ಪ ತಿಳೀತು.

ಮಗಳದು ಬ್ಯಾರೆ. ಮುಗದ ಮ್ಯಾಲೆ ಸುಮ್ನ ಕುಂತಿದ್ಲು. ಆಮ್ಯಾಲೆ ಕೇಳಿದ್ಲು, ಅಪ್ಪಾಜಿ, ಆ ರಾಜಾಗ ಒಂದಿನ ಫ್ಲೇವಿಯಾನ ಮುಖಾ ನೋಡಿ ಗೊತ್ತಾಗಂಗಿಲ್ಲೇನು, ಈಕಿ ನೋಡೋದು ನನ್ನನ್ನ ಅಲ್ಲ ಅಂತ? ನನ್ನ ಕಡೆ ಉತ್ತರ ಇರ್ಲಿಲ್ಲ. ಟೀಚರಮ್ಮಾರ, ನೀವ ಹೇಳಬೇಕು.

ಟೀಚರಮ್ಮ

ಮಗಳಿಗೆ ನನ್ನ ಆಶೀರ್ವಾದ ಹೇಳಿ. ಆಂಟನಿ ಹೋಪ್ ಇದರ ಮುಂದಿನ ಭಾಗ ಬರೆದಿದಾರೆ, 'ರೂಪರ್ಟ್ ಆಫ್ ಹೆಂಟ್ಜೌ', 1898. ಫ್ಲೇವಿಯಾ ರಾಣಿ ಆದ್ಮೇಲಿನ ವರ್ಷಗಳು ಅದರಲ್ಲಿ ಬರುತ್ತೆ, ಅವಳು ರಾಸೆಂಡಿಲ್‌ಗೆ ಬರೆಯೋ ಒಂದು ಕಾಗದದಿಂದ್ಲೇ ಕತೆ ಹೊತ್ಕೊಳ್ಳೋದು. ನಿಮ್ಮ ಮಗಳು ಕೇಳಿದ್ದಕ್ಕೆ ಉತ್ತರ ಅಲ್ಲಿದೆ, ಸುಖದ ಉತ್ತರ ಅಲ್ಲ. ಪರೀಕ್ಷೆ ಮುಗಿದ್ಮೇಲೆ ಓದೋಕೆ ಕೊಡಿ.

ಹಳೇಪ್ರೊಜೆಕ್ಟರ್

ಧಾರವಾಡದವ್ರೇ, ಆ ಡಾನ್ಸ್ ಸೀನ್ ನಾನು ಇಷ್ಟು ಸಲ ನೋಡಿದ್ರೂ ಬರೀ ಚಂದದ ಸೀನು ಅಂತ್ಲೇ ನೋಡಿದ್ದೆ. ಈಗ ಮತ್ತೆ ಹಾಕ್ತಿದೀನಿ.